ಠಾಣೆಯ ಒಳಗೆ ವಕೀಲರಿಗೆ ಕುರ್ಚಿ ಯಾಕಿಲ್ಲ? ಮದ್ರಾಸ್ 1854ರಿಂದ ಶುರುವಾಗುವ ಕಥೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಓದ್ತೀವಿ ಅನ್ನೋರಿಗಾಗಿ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.

ಚೆನ್ನೈ ಸೆಂಟ್ರಲ್ ಕಡೆಯಿಂದ ಮೌಂಟ್ ರೋಡಿಗೆ ಬರುವಾಗ ಐಲ್ಯಾಂಡ್ ಗ್ರೌಂಡ್ಸ್ ಹತ್ತಿರ, ಕುದುರೆ ಮೇಲೆ ಕೂತ ಒಬ್ಬ ಸಾಹೇಬನ ಪ್ರತಿಮೆ ಸಿಗುತ್ತೆ. ಕುದುರೆಗೆ ಜೀನೂ ಇಲ್ಲ, ಕಾಲಿಡೋಕೆ ರಿಕಾಪೂ ಇಲ್ಲ. ಅವನೇ ಥಾಮಸ್ ಮನ್ರೋ. ಮಂತ್ರಾಲಯದ ರಾಯರ ಕಥೆಯಲ್ಲಿ ಬರೋ ಮನ್ರೋ ಸಾಹೇಬ ಇವನೇ. ಟಿಪ್ಪು ಸತ್ತ ಮೇಲೆ 1799ರಲ್ಲಿ ಕೆನರಾ ಜಿಲ್ಲೆಗೆ ಬಂದ. ಮರುವರ್ಷದಿಂದ ಏಳು ವರ್ಷ ಬಳ್ಳಾರಿ, ಅನಂತಪುರ, ಕಡಪದ ಕಡೆಯ ದತ್ತ ಜಿಲ್ಲೆಗಳನ್ನು ನೋಡಿಕೊಂಡ. ಕೊನೆಗೆ ಮದ್ರಾಸಿನ ಗವರ್ನರ್ ಆದ. ನಮ್ಮ ಕಡೆಯ ಹಳ್ಳಿಗಳ ಬಗ್ಗೆ ಅವನಷ್ಟು ತಿಳಿದಿದ್ದ ಬ್ರಿಟಿಷ್ ಅಧಿಕಾರಿಗಳು ಕಮ್ಮಿ. ಅವನ ಮೇಲೆ ನನಗೆ ಗೌರವ ಇದೆ. ಆದರೆ ಇವತ್ತಿನ ಮಾತು ಅವನು ಬಿಟ್ಟುಹೋದ ಒಂದು ಏರ್ಪಾಡಿನ ಬಗ್ಗೆ, ಅದರಿಂದ ಆದ ಅನಾಹುತದ ಬಗ್ಗೆ.

ಇದು ಶುರುವಾಗಿದ್ದು ನೋಡುಗರ ಒಂದು ಪ್ರಶ್ನೆಯಿಂದ. ಹೊಸ ಕ್ರಿಮಿನಲ್ ಕಾನೂನುಗಳ ಬಗ್ಗೆ ಮಾತಾಡಿದ ಮೇಲೆ ಹಲವರು ಕೇಳಿದ್ರು: "ಪೊಲೀಸ್ನೋರು ಕರೆದ್ರೆ ಲಾಯರನ್ನ ಜೊತೆಗೆ ಕರ್ಕೊಂಡು ಹೋಗಬಹುದಾ? ಅವರು ಪಕ್ಕದಲ್ಲಿ ಕೂರಬಹುದಾ?" ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು ಹೇಳೋದು ಇಷ್ಟು: ಬಂಧಿತ ವ್ಯಕ್ತಿ ವಿಚಾರಣೆಯ ಹೊತ್ತಲ್ಲಿ ತನಗೆ ಬೇಕಾದ ವಕೀಲರನ್ನು ಭೇಟಿಯಾಗಬಹುದು, ಆದರೆ ವಿಚಾರಣೆಯ ಉದ್ದಕ್ಕೂ ಅಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಅರ್ಧ ವಾಪಸ್ ತಗೊಂಡ ಹಾಗಿದೆ, ಅಲ್ವಾ? ನಾನು ಲಾಯರ್ ಅಲ್ಲ. ಎಂಟೆಕ್ ಮಾಡಿ, ಓಎಂಆರ್‌ನಲ್ಲಿ ಕೋಡ್ ಬರೆಯೋನು. ಆದರೆ ಹಳೇ ಕೋಡಿನಲ್ಲಿ ಇಂಥ ವಿಚಿತ್ರ ಷರತ್ತು ಕಂಡರೆ, ಇದನ್ನ ಯಾರು, ಯಾವಾಗ, ಯಾಕೆ ಹಾಕಿದ್ರು ಅಂತ ಹಿಂದಕ್ಕೆ ಹೋಗಿ ನೋಡೋ ಚಟ ನನಗಿದೆ. ಹಾಗೆ ಹೋದರೆ ದಾರಿ ಇದೇ ಊರಿಗೆ, 1854ಕ್ಕೆ ಬಂದು ನಿಲ್ಲುತ್ತೆ.

ಆಗಿನ ಮದ್ರಾಸ್ ಪ್ರೆಸಿಡೆನ್ಸಿ ಅಂದರೆ ಬರೀ ತಮಿಳು ಸೀಮೆ ಅಲ್ಲ. ಬಳ್ಳಾರಿ ಅದರೊಳಗೆ. ಇನ್ನೂ ಉತ್ತರ, ದಕ್ಷಿಣ ಅಂತ ಒಡೆಯದೆ ಇದ್ದ ಇಡೀ ಕೆನರಾ ಜಿಲ್ಲೆ, ಅಂದರೆ ಕಾರವಾರದಿಂದ ಕಾಸರಗೋಡಿನವರೆಗೆ, ಅದರೊಳಗೆ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಊರಿನವರಿಗೆಲ್ಲ ಸರ್ಕಾರ ಅಂದರೆ ಮದ್ರಾಸೇ.

ಇಲ್ಲಿ 1816ರಲ್ಲಿ ಮನ್ರೋನ ಸಲಹೆ ಮೇರೆಗೆ ಹೊಸ ರೆಗ್ಯುಲೇಷನ್ನುಗಳು ಬಂದವು. ಅದಕ್ಕೆ ಮೊದಲು ಬಂಗಾಳದ ಮಾದರಿಯಲ್ಲಿ ದರೋಗಾಗಳಿದ್ದರು. ಅವರನ್ನು ತೆಗೆದು, ಪೊಲೀಸ್ ಕೆಲಸವನ್ನ ಹಳ್ಳಿಯಲ್ಲಿ ಪಟೇಲನಿಗೂ ತಾಲ್ಲೂಕಿನಲ್ಲಿ ತಹಸೀಲ್ದಾರನಿಗೂ ಒಪ್ಪಿಸಿದರು. ಜಿಲ್ಲೆಯಲ್ಲಿ ಕಲೆಕ್ಟರನೇ ಮ್ಯಾಜಿಸ್ಟ್ರೇಟ್ ಆದ. ಮನ್ರೋನ ತರ್ಕ ಸುಲಭ: ಹಳ್ಳಿ ಬಲ್ಲವರು ಇವರೇ, ಜನ ನಂಬೋದೂ ಇವರನ್ನೇ, ಹೊರಗಿನ ದರೋಗಾ ಯಾಕೆ? ಕೇಳೋಕೆ ಚೆನ್ನಾಗಿದೆ. ಆದರೆ ತಹಸೀಲ್ದಾರನ ಮೊದಲ ಕೆಲಸ ಕಂದಾಯ ವಸೂಲಿ. ರೈತವಾರಿ ಪದ್ಧತಿಯಲ್ಲಿ ಪ್ರತಿಯೊಬ್ಬ ರೈತನೂ ಸರ್ಕಾರಕ್ಕೆ ನೇರವಾಗಿ ಕಂತು ಕಟ್ಟಬೇಕು, ಅದೂ ನಗದಿನಲ್ಲಿ. ಮಳೆ ಹೋಯ್ತು, ಬೆಳೆ ಹೋಯ್ತು ಅಂದ್ರೂ ಕಂತು ಹೋಗಲ್ಲ. ಕಂತು ಕಟ್ಟದವನನ್ನು ಹಿಡಿದು ತರೋಕೆ ಪ್ಯೂನುಗಳು, ಅದೇ ಪ್ಯೂನುಗಳೇ ಪೊಲೀಸರು. ಹಣ ಕೇಳೋನೂ ಅವನೇ, ಹಿಡಿಯೋನೂ ಅವನೇ, ಸಣ್ಣ ಪ್ರಕರಣಗಳಲ್ಲಿ ತೀರ್ಪು ಕೊಡೋನೂ ಅವನೇ.

ಏನಾಗಬೇಕೋ ಅದೇ ಆಯಿತು. ಹಿಂಸೆ ಅಂದರೆ ಸುಮ್ಮನೆ ನಾಲ್ಕೇಟು ಹಾಕೋದಲ್ಲ. ಅದಕ್ಕೆ ಹೆಸರುಗಳೇ ಇದ್ದವು. ಬೆರಳುಗಳನ್ನ ಮರದ ಪಟ್ಟಿಗಳ ಮಧ್ಯೆ ಸಿಕ್ಕಿಸಿ ಅದುಮೋದಕ್ಕೆ ಕಿಟ್ಟಿ ಅಂತಿದ್ರು. ಮನುಷ್ಯನನ್ನ ಬಗ್ಗಿಸಿ, ತಲೆ ಕೆಳಗಾಗುವ ಹಾಗೆ ಕಟ್ಟಿ, ಬಿಸಿಲಲ್ಲಿ ಬಿಡೋದಕ್ಕೆ ಇನ್ನೊಂದು ಹೆಸರು. ಕಣ್ಣಿಗೆ ಮೆಣಸಿನಕಾಯಿ. ಅನ್ನ ನೀರಿಲ್ಲದೆ ಕೂಡಿಹಾಕೋದು. ಇದು ಕಂದಾಯಕ್ಕೂ ನಡೀತಿತ್ತು, ಕಳ್ಳತನ ಒಪ್ಪಿಸೋದಕ್ಕೂ ನಡೀತಿತ್ತು.

ಇದನ್ನ ಹೊರಗೆ ತಂದವರಲ್ಲಿ ಮುಖ್ಯರು ಗಾಜುಲ ಲಕ್ಷ್ಮೀನರಸು ಚೆಟ್ಟಿ. ಮದ್ರಾಸಿನ ತೆಲುಗು ವ್ಯಾಪಾರಿ. 1844ರಲ್ಲಿ ಕ್ರೆಸೆಂಟ್ ಅನ್ನೋ ಪತ್ರಿಕೆ ಶುರು ಮಾಡಿದರು, 1852ರಲ್ಲಿ ಮದ್ರಾಸ್ ನೇಟಿವ್ ಅಸೋಸಿಯೇಷನ್ ಕಟ್ಟಿದರು. ಕಾಂಗ್ರೆಸ್ ಹುಟ್ಟೋಕೆ ಇನ್ನೂ 33 ವರ್ಷ ಇತ್ತು, ನೆನಪಿಡಿ. ಡ್ಯಾನ್ಬಿ ಸೀಮೋರ್ ಅನ್ನೋ ಬ್ರಿಟಿಷ್ ಸಂಸದ ಮದ್ರಾಸಿಗೆ ಬಂದಾಗ, ಚೆಟ್ಟಿಯವರು ಅವನನ್ನ ಜಿಲ್ಲೆಗಳಿಗೆ ಕರ್ಕೊಂಡು ಹೋಗಿ ಕಣ್ಣಾರೆ ತೋರಿಸಿದರು. 1854ರ ಜುಲೈನಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಷಯ ಎದ್ದಿತು. ಕಂಪನಿ ಕಡೆಯವರು ಇದೆಲ್ಲ ಸುಳ್ಳು ಅಂದರು. ಹಾಗಾದ್ರೆ ವಿಚಾರಿಸಿ ಅಂತ ಒತ್ತಡ ಬಂತು. ಅದೇ ವರ್ಷ ಮದ್ರಾಸ್ ಸರ್ಕಾರ ಒಂದು ಆಯೋಗ ನೇಮಿಸಿತು. ಅದನ್ನ ಎಲ್ಲರೂ ಟಾರ್ಚರ್ ಕಮಿಷನ್ ಅಂತಲೇ ಕರೀತಾರೆ.

ಮೂರು ಜನ ಸದಸ್ಯರು: ಮದ್ರಾಸ್ ನಗರದ ಪೊಲೀಸ್ ನೋಡಿಕೊಳ್ಳುತ್ತಿದ್ದ ಎಲಿಯಟ್, ಸಿವಿಲ್ ಅಧಿಕಾರಿ ಸ್ಟೋಕ್ಸ್, ಮತ್ತು ಜಾನ್ ಬ್ರೂಸ್ ನಾರ್ಟನ್. ಈ ನಾರ್ಟನ್ ನಮ್ಮ ಕಥೆಗೆ ಮುಖ್ಯ, ಯಾಕಂದ್ರೆ ಅವನು ಬ್ಯಾರಿಸ್ಟರ್. ವರ್ಷದ ಹಿಂದಷ್ಟೇ, 1853ರಲ್ಲಿ, ದಕ್ಷಿಣ ಭಾರತದ ಕಂಪನಿ ಕೋರ್ಟುಗಳಲ್ಲಿ ನ್ಯಾಯ ಹೇಗೆ ಹಳ್ಳ ಹಿಡಿದಿದೆ ಅಂತ ಅವುಗಳ ತೀರ್ಪುಗಳನ್ನೇ ಎತ್ತಿ ಬರೆದಿದ್ದ. ಸರ್ಕಾರದ ಕೆಂಗಣ್ಣಿಗೆ ಗುರಿಯಾಗೋಕೆ ಅಷ್ಟು ಸಾಕಿತ್ತು. ಮುಂದೆ ಅವನೇ ಮದ್ರಾಸಿನ ಅಡ್ವೊಕೇಟ್ ಜನರಲ್ ಕೂಡ ಆದ. (ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದರ ವಿರುದ್ಧ ಸರ್ಕಾರದ ಪರ ವಾದಿಸಿದ ಎರ್ಡ್ಲಿ ನಾರ್ಟನ್ ಇವನ ಮಗ. ಆ ಕಥೆ ಇನ್ನೊಂದು ಸಲ.)

ಆಯೋಗಕ್ಕೆ ಕೆಲವೇ ತಿಂಗಳಲ್ಲಿ ಸುಮಾರು 2,000 ದೂರು ಬಂದವು. ಕೆಲವರು ಖುದ್ದಾಗಿ ಬಂದರು, ಹೆಚ್ಚಿನವರು ಪತ್ರ ಬರೆಸಿದರು. ರೈಲು ಇಲ್ಲದ ಕಾಲ. ಬಳ್ಳಾರಿಯಿಂದಲೋ ಮಂಗಳೂರಿಂದಲೋ ಮದ್ರಾಸಿಗೆ ಬರೋದು ಅಂದರೆ ವಾರಗಟ್ಟಲೆಯ ದಾರಿ, ದಾರಿ ಖರ್ಚು, ಊರಲ್ಲಿ ಹೊಲ ಪಾಳು. ವಾಪಸ್ ಹೋದ ಮೇಲೆ ಅದೇ ತಹಸೀಲ್ದಾರನ ಕಣ್ಣೆದುರೇ ಬದುಕಬೇಕು.

1855ರ ಏಪ್ರಿಲ್‌ನಲ್ಲಿ ವರದಿ ಬಂತು. ಹಿಂಸೆ ಇದೆ, ಪ್ರೆಸಿಡೆನ್ಸಿಯ ಉದ್ದಗಲಕ್ಕೂ ಇದೆ ಅಂತ ಒಪ್ಪಿಕೊಂಡಿತು. ಆದರೆ ಅದರಲ್ಲಿ ನನ್ನನ್ನ ತುಂಬಾ ಹೊತ್ತು ನಿಲ್ಲಿಸಿದ್ದು ಹಿಂಸೆಯ ವಿವರ ಅಲ್ಲ. ಹಿಂಸೆಗಿಂತಲೂ ನೋವಾಗೋದು ನೊಂದವನಿಗೆ ಪರಿಹಾರ ಸಿಗೋದು ಎಷ್ಟು ಕಷ್ಟ ಅನ್ನೋದು, ಅಂತ ಆಯೋಗವೇ ಹೇಳುತ್ತೆ. ಹೇಗೆ ಅಂದರೆ, ರೈತ ಕಲೆಕ್ಟರಿಗೆ ಪತ್ರ ಬರೀತಾನೆ: ತಹಸೀಲ್ದಾರ ನನಗೆ ಹೀಗೆ ಮಾಡಿದ. ಕಲೆಕ್ಟರ್ ಕಚೇರಿಯಿಂದ ಆ ಪತ್ರ ಒಂದು ಷರಾ ಹೊತ್ತು ವಾಪಸ್ ಬರುತ್ತೆ: ತಹಸೀಲ್ದಾರನನ್ನು ಕಾಣತಕ್ಕದ್ದು. ಯಾರ ಮೇಲೆ ದೂರೋ ಅವನಿಗೇ ಟಿಕೆಟ್ ಅಸೈನ್ ಆಯ್ತು! ನಮ್ಮ ಆಫೀಸಿನಲ್ಲಿ ಇದಾದ್ರೆ ನಗ್ತೀವಿ. ಅಲ್ಲಿ ಬೆರಳು ಮುರಿದವನು ನಗೋ ಹಾಗಿರಲಿಲ್ಲ. ಅಷ್ಟೂ ಆಗಿ ಅಪರಾಧ ರುಜುವಾತಾದರೆ? ಮ್ಯಾಜಿಸ್ಟ್ರೇಟ್ ತಾನೇ ಕೊಡಬಹುದಾಗಿದ್ದ ಶಿಕ್ಷೆ 50 ರೂಪಾಯಿ ದಂಡ ಅಥವಾ ಒಂದು ತಿಂಗಳ ಸೆರೆ.

ಆಯೋಗದ ಬಗ್ಗೆ ನನಗೆ ಒಂದು ತಕರಾರಿದೆ. ತಪ್ಪನ್ನೆಲ್ಲ ಕೆಳಗಿನ ದೇಸಿ ನೌಕರರ ತಲೆಗೆ ಕಟ್ಟಿ, ಮೇಲಿನ ಬಿಳಿ ಅಧಿಕಾರಿಗಳನ್ನ ಅದು ಬಿಟ್ಟುಬಿಟ್ಟಿತು. ಕಂತಿನ ಟಾರ್ಗೆಟ್ ಹಾಕಿದವರು ಯಾರು, ತಲುಪಲೇಬೇಕು ಅಂದವರು ಯಾರು? ಟಾರ್ಗೆಟ್ ಹಾಕಿದವನಿಗೆ ವಿಧಾನ ಗೊತ್ತಿರಲಿಲ್ಲ ಅಂದರೆ ನಂಬೋಕೆ ಕಷ್ಟ. 1857ರ ಸೆಪ್ಟೆಂಬರಲ್ಲಿ, ದಂಗೆಯ ಬಿಸಿ ಇದ್ದಾಗ, ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್‌ನಲ್ಲಿ ಇದೇ ಮದ್ರಾಸ್ ವರದಿಯನ್ನ ಹಿಡಿದು ಕೇಳಿದ್ದೂ ಹೆಚ್ಚು ಕಮ್ಮಿ ಅದನ್ನೇ.

ಆದರೂ ವರದಿಯಿಂದ ದೊಡ್ಡ ಕೆಲಸ ಆಯಿತು. ಕಂದಾಯ ಬೇರೆ, ಪೊಲೀಸ್ ಬೇರೆ ಆಗಬೇಕು ಅಂತ ತೀರ್ಮಾನವಾಯಿತು. 1859ರಲ್ಲಿ ಮದ್ರಾಸ್ ಪೊಲೀಸ್ ಕಾಯ್ದೆ ಬಂತು. ವಿಲಿಯಂ ರಾಬಿನ್ಸನ್ ಅನ್ನೋನು ಹೊಸ ಪಡೆಯ ಮುಖ್ಯಸ್ಥನಾದ. ಮರುವರ್ಷದ ಅಖಿಲ ಭಾರತ ಪೊಲೀಸ್ ಆಯೋಗದಲ್ಲೂ ಅವನು ಸದಸ್ಯ. ಆ ಆಯೋಗದ ಫಲವೇ 1861ರ ಪೊಲೀಸ್ ಕಾಯ್ದೆ, ಇಡೀ ದೇಶದ ಪೊಲೀಸ್ ವ್ಯವಸ್ಥೆಯ ಬುನಾದಿ. ಮರೀನಾ ಬೀಚ್ ರಸ್ತೆಯಲ್ಲಿ ಡಿಜಿಪಿ ಕಚೇರಿಯ ಬಿಳಿ ಕಂಬಗಳ ಕಟ್ಟಡ ನೋಡಿದ್ದೀರಲ್ಲ? ಅದು ಮೊದಲು ಫ್ರೀಮೇಸನ್ನರ ಮಂದಿರ. ಪೊಲೀಸ್ ಇಲಾಖೆ ಅಲ್ಲಿಗೆ ಬಂದಿದ್ದು 1865ರಲ್ಲಿ, ರಾಬಿನ್ಸನ್ ಕಾಲದಲ್ಲೇ.

ಎರಡನೇ ಕೆಲಸ ಕಾನೂನಿನ ಪುಸ್ತಕದಲ್ಲಿ ಆಯಿತು. 1861ರ ಕ್ರಿಮಿನಲ್ ಪ್ರೊಸೀಜರ್ ಕೋಡು, ಆಮೇಲೆ 1872ರ ಸಾಕ್ಷ್ಯ ಕಾಯ್ದೆ, ಒಂದು ಮಾತನ್ನ ಗಟ್ಟಿಯಾಗಿ ಹೇಳಿದವು: ಪೊಲೀಸ್ ಅಧಿಕಾರಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನ ಆರೋಪಿಯ ವಿರುದ್ಧ ಕೋರ್ಟಲ್ಲಿ ಸಾಬೀತು ಮಾಡೋ ಹಾಗಿಲ್ಲ. ಅದೇ ಪ್ರಸಿದ್ಧ 25ನೇ ಕಲಮು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು. ಇದು ಎಷ್ಟು ವಿಚಿತ್ರ ಅಂತ ಒಂದು ಕ್ಷಣ ಯೋಚಿಸಿ. ಇಂಗ್ಲೆಂಡಿನಲ್ಲಿ ಪೊಲೀಸರ ಮುಂದೆ ಸ್ವಇಚ್ಛೆಯಿಂದ ಕೊಟ್ಟ ತಪ್ಪೊಪ್ಪಿಗೆ ನಡೆಯುತ್ತೆ. ಇಲ್ಲಿ ಸ್ವಇಚ್ಛೆಯಿಂದ ಕೊಟ್ಟಿದ್ದರೂ ನಡೆಯಲ್ಲ. ಸರ್ಕಾರ ತನ್ನದೇ ಪೊಲೀಸರ ಬಗ್ಗೆ, ನಿಮ್ಮ ಮಾತನ್ನ ನಾವು ನಂಬಲ್ಲ ಅಂತ ಕಾಯ್ದೆಯಲ್ಲೇ ಬರೆದಿಟ್ಟಿದೆ. ಒಪ್ಪಿಕೊಳ್ಳಬೇಕಾ, ಮ್ಯಾಜಿಸ್ಟ್ರೇಟ್ ಮುಂದೆ ಹೋಗು. ಅವರು, ನೀನು ಹೇಳಲೇಬೇಕಿಲ್ಲ ಅಂತ ಎಚ್ಚರಿಸಿದ ಮೇಲೆ ಹೇಳು.

ನಾರ್ಟನ್ ಇದರ ಪಾಠವನ್ನೂ ಮಾಡಿದ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಶುರುವಾದ ಕಾನೂನು ತರಗತಿಯಲ್ಲಿ ಸಾಕ್ಷ್ಯದ ಬಗ್ಗೆ ಉಪನ್ಯಾಸ ಕೊಟ್ಟ. 1858ರಲ್ಲಿ ಅದು ಪುಸ್ತಕವಾಯಿತು. ಹಳ್ಳಿಯವರ ಮುರಿದ ಬೆರಳು ನೋಡಿದ ಮನುಷ್ಯನೇ ಮದ್ರಾಸಿನ ಹುಡುಗರಿಗೆ ಸಾಕ್ಷ್ಯ ಅಂದರೇನು ಅಂತ ಹೇಳಿಕೊಟ್ಟ ಅನ್ನೋದು ನನಗೆ ಇಷ್ಟವಾದ ಸಂಗತಿ.

ಗೋಡೆ ಕಟ್ಟಿದರು ಸರಿ, ಒಂದು ಕಿಂಡಿ ಬಿಟ್ಟರು. ಅದು ಹಳೇ 27ನೇ ಕಲಮು. ಆರೋಪಿ ಹೇಳಿದ ಮಾತಿನಿಂದ ಒಂದು ಹೊಸ ಸಂಗತಿ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ನಡೆಯುತ್ತೆ. ಇದರ ಮೇಲೆ ಇವತ್ತಿಗೂ ದೇಶದ ಎಲ್ಲ ಕೋರ್ಟುಗಳು ಎತ್ತಿ ಹೇಳೋ ತೀರ್ಪು ಪುಲುಕೂರಿ ಕೊಟ್ಟಯ್ಯ ಪ್ರಕರಣದ್ದು. ಅದೂ ಮದ್ರಾಸ್ ಪ್ರೆಸಿಡೆನ್ಸಿಯಿಂದಲೇ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದ ಮೇಲ್ಮನವಿ, 1947ರಲ್ಲಿ ವರದಿಯಾಯಿತು. ಅಲ್ಲಿ ವಿವರಿಸಿದ್ದು ಹೀಗೆ: ಮನೆಯ ಮಾಡಿನಲ್ಲಿ ಚಾಕು ಬಚ್ಚಿಟ್ಟಿದ್ದೀನಿ, ತೋರಿಸ್ತೀನಿ ಅಂತ ಆರೋಪಿ ಹೇಳಿ ಚಾಕು ಸಿಕ್ಕರೆ ಅಷ್ಟು ನಡೆಯುತ್ತೆ. ಅದರಿಂದಲೇ ಇರಿದೆ ಅನ್ನೋ ಬಾಲ ನಡೆಯಲ್ಲ. ನಮ್ಮ ಕಡೆ ಪತ್ರಿಕೆಗಳಲ್ಲಿ "ಸ್ಥಳ ಮಹಜರು ಮಾಡಿ ಮಚ್ಚು ವಶ" ಅಂತ ಓದ್ತೀರಲ್ಲ, ಅದರ ಹಿಂದೆ ಈ ಕಿಂಡಿ ಇದೆ. ತಪ್ಪೊಪ್ಪಿಗೆಗೆ ಬೆಲೆ ಇಲ್ಲದಿದ್ರೂ ಬಾಯಿ ಬಿಡಿಸೋದಕ್ಕೆ ಬೆಲೆ ಉಳಿಯಿತು.

ಈಗ ನಾನು ಹೇಳಬೇಕು ಅಂತಿರೋದು. 1855ರಿಂದ 1872ರವರೆಗೆ ಇವರು ಮಾಡಿದ್ದು ಆ ಕೋಣೆಯಿಂದ ಹೊರಗೆ ಬರೋ ಕಾಗದವನ್ನ ತಿರಸ್ಕರಿಸೋದು. ಕೋಣೆಯ ಬಾಗಿಲು ತೆಗೆಯಲಿಲ್ಲ. ಔಟ್‌ಪುಟ್ ರಿಜೆಕ್ಟ್ ಮಾಡಿದ್ರು, ಒಳಗೆ ಏನು ನಡೆಯುತ್ತೆ ಅಂತ ನೋಡೋಕೆ ಯಾರನ್ನೂ ಕೂರಿಸಲಿಲ್ಲ. ಆಯೋಗದಲ್ಲೇ ಒಬ್ಬ ವಕೀಲನಿದ್ದ. ಆದರೂ ಠಾಣೆಯಲ್ಲಿ ವಕೀಲನಿರಲಿ ಅನ್ನೋ ಮಾತು ಕಾನೂನಿಗೆ ಬರಲಿಲ್ಲ. 1898ರ ಕೋಡಿನ 340ನೇ ಕಲಮು ಆರೋಪಿಗೆ ವಕೀಲರ ಹಕ್ಕು ಕೊಟ್ಟಿತು, ಆದರೆ ಕ್ರಿಮಿನಲ್ ಕೋರ್ಟಿನ ಮುಂದೆ. 1892ರಲ್ಲಿ ತೆರೆದ ಹೈಕೋರ್ಟಿನ ಕೆಂಪು ಗುಮ್ಮಟಗಳ ಕೆಳಗೆ ಎಂಥೆಂಥಾ ಘಟಾನುಘಟಿ ವಕೀಲರು ವಾದ ಮಾಡಿದರು! ಕೂಗಳತೆಯ ಠಾಣೆಯಲ್ಲಿ ರಾತ್ರಿ ಕೂತವನ ಪಕ್ಕ ಮಾತ್ರ ಯಾರೂ ಇಲ್ಲ.

ಇದನ್ನ ಸರಿಮಾಡೋಕೆ ಪ್ರಯತ್ನಪಟ್ಟವರೂ ಮದ್ರಾಸ್ ಪ್ರಾಂತ್ಯದವರೇ. ವಿ. ಆರ್. ಕೃಷ್ಣ ಅಯ್ಯರ್ ಮದ್ರಾಸಿನಲ್ಲಿ ಕಾನೂನು ಓದಿ, ಆಗ ಇದೇ ಪ್ರಾಂತ್ಯಕ್ಕೆ ಸೇರಿದ್ದ ಮಲಬಾರಿನ ತಲಶ್ಶೇರಿಯಲ್ಲಿ ವಕೀಲಿಕೆ ಮಾಡುತ್ತಿದ್ದವರು. ಮಂಗಳೂರು ಕಡೆಯವರಿಗೆ ತಲಶ್ಶೇರಿ ದೂರವಲ್ಲ. 1948ರಲ್ಲಿ, ಪೊಲೀಸರು ವಿಚಾರಣೆಗೆ ಹಿಂಸೆ ಬಳಸೋದನ್ನ ವಿರೋಧಿಸಿದ್ದಕ್ಕೆ, ಕಮ್ಯುನಿಸ್ಟರಿಗೆ ಕಾನೂನು ನೆರವು ಕೊಟ್ಟ ಆರೋಪದ ಮೇಲೆ ಅವರನ್ನೇ ತಿಂಗಳ ಕಾಲ ಜೈಲಿಗೆ ಹಾಕಿದರು. ವಕೀಲನೊಬ್ಬ ವಕೀಲಿಕೆ ಮಾಡಿದ್ದಕ್ಕೆ ಒಳಗೆ! ಮೂವತ್ತು ವರ್ಷದ ಮೇಲೆ, 1978ರಲ್ಲಿ, ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪಥಿಯವರನ್ನ ಪೊಲೀಸ್ ಠಾಣೆಗೆ ಕರೆದು ಪ್ರಶ್ನಾವಳಿ ಕೊಟ್ಟ ಪ್ರಕರಣ ಅವರ ಮುಂದೆ ಬಂತು. ಪೊಲೀಸ್ ವಿಚಾರಣೆಯ ಹೊತ್ತಿಗೂ ವಕೀಲರ ನೆರವಿಗೆ ಅವಕಾಶ ಇರಬೇಕು, ತನ್ನ ಮೇಲೆ ತಾನೇ ಸಾಕ್ಷಿ ಹೇಳದಿರುವ ಹಕ್ಕು ಠಾಣೆಯಲ್ಲೇ ಶುರುವಾಗುತ್ತೆ ಅಂತ ತೀರ್ಪು ಬರೆದರು. ಅದನ್ನ ಓದುವಾಗ 1948ರ ಆ ತಿಂಗಳು ನೆನಪಾಗದೆ ಇರಲ್ಲ.

ಆದರೆ ಮುಂದಿನ ತೀರ್ಪುಗಳು ಅಷ್ಟು ದೂರ ಹೋಗಲಿಲ್ಲ. ಲಾಕಪ್ ಸಾವುಗಳ ಬಗ್ಗೆ ಕಲ್ಕತ್ತೆಯಿಂದ ಹೋದ ಒಂದು ಪತ್ರವನ್ನೇ ಅರ್ಜಿ ಅಂತ ಪರಿಗಣಿಸಿದ ಡಿ. ಕೆ. ಬಸು ಪ್ರಕರಣದಲ್ಲಿ, 1996ರ ಡಿಸೆಂಬರಲ್ಲಿ, ಸುಪ್ರೀಂ ಕೋರ್ಟ್ 11 ಸೂಚನೆ ಕೊಟ್ಟಿತು. ಹೆಸರಿನ ಪಟ್ಟಿ ಧರಿಸಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು. ಅದರಲ್ಲೇ ಒಂದು: ವಕೀಲರನ್ನ ಭೇಟಿಯಾಗಬಹುದು, ಆದರೆ ಉದ್ದಕ್ಕೂ ಅಲ್ಲ. ಅದೇ ಸಾಲು 2010ರಲ್ಲಿ ಕೋಡಿನ 41-ಡಿ ಕಲಮಾಗಿ ಜಾರಿಗೆ ಬಂತು. 2024ರ ಜುಲೈ 1ರಿಂದ 38ನೇ ಕಲಮು. ನಂಬರ್ ಬದಲಾಯಿತು, "ಆದರೆ" ಬದಲಾಗಲಿಲ್ಲ.

ಈ "ಆದರೆ" ನಮ್ಮಂಥವರಿಗೆ ಹೇಗೆ ತಟ್ಟುತ್ತೆ ಹೇಳ್ತೀನಿ. ನನ್ನ ಜೊತೆ ಕೆಲಸ ಮಾಡ್ತಿದ್ದ ದಾವಣಗೆರೆ ಕಡೆಯ ಹುಡುಗ ಒಂದು ರಸ್ತೆ ಅಪಘಾತ ನೋಡಿದ್ದ. ಅವನದೇನೂ ಪಾತ್ರ ಇಲ್ಲ. ಒಂದು ಠಾಣೆಯಿಂದ ಫೋನ್ ಬಂತು, ಸುಮ್ನೆ ಬಂದು ಹೋಗಿ ಸಾರ್ ಅಂತ. ತಮಿಳು ಅಲ್ಪಸ್ವಲ್ಪ ಮಾತಾಡ್ತಾನೆ, ಓದೋಕೆ ಬರಲ್ಲ. ಮನೆ ಓನರ್ ಕಡೆಯ ವಕೀಲೆಯೊಬ್ಬರು ಪಾಪ ಕರುಣೆಯಿಂದ ಬಂದರು. ಅವರನ್ನ ಹೊರಗೆ ನಿಲ್ಲಿಸಿದರು, ಮುಗೀಲಿ ಮೇಡಂ ಅಂತ. ಅವರು ಎದುರಿನ ಟೀ ಅಂಗಡಿಯಲ್ಲಿ ಎರಡು ಗಂಟೆ ಕೂತರು. ಒಳಗೆ ಯಾರೂ ಇವನನ್ನ ಗದರಿಸಲಿಲ್ಲ, ಕಾಫಿ ಕೂಡ ಕೊಟ್ಟರಂತೆ. ಕೊನೆಗೆ ಎರಡು ಹಾಳೆ ಮುಂದಿಟ್ಟರು. ಸಹಿ ಹಾಕಿ ಬಂದ. ಏನಿತ್ತಪ್ಪಾ ಅದರಲ್ಲಿ ಅಂದರೆ, "ತಮಿಳಲ್ಲಿತ್ತು ಅಣ್ಣಾ" ಅಂದ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ತನಿಖೆಯಲ್ಲಿ ಸಾಕ್ಷಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಬಾರದು ಅಂತ ಕಾನೂನೇ ಹೇಳುತ್ತೆ. ಹಳೇ ಕೋಡಿನ 162, ಹೊಸದರ 181. ದೂರು ಕೊಟ್ಟವರ ಸಹಿ ಬೇರೆ, ಅದು ಬೇಕು. ಸಾಕ್ಷಿ ಹೇಳಿಕೆಗೆ ಬೇಡ. ಇದೂ ಅದೇ ಹಳೆಯ ಅಪನಂಬಿಕೆಯ ಮರಿ. ಎರಡು, 38ನೇ ಕಲಮು ಶುರುವಾಗೋದೇ "ಬಂಧಿಸಿ ವಿಚಾರಿಸುವಾಗ" ಅಂತ. ಸುಮ್ನೆ ಬಂದು ಹೋಗಿ ಅಂದವನು ಬಂಧಿತನಲ್ಲ. ಹಾಗಾಗಿ ಆ ಅರ್ಧ ಹಕ್ಕೂ ಅವನಿಗೆ ಅಕ್ಷರಶಃ ಸಿಗಲ್ಲ. ಕೃಷ್ಣ ಅಯ್ಯರ್ ಬರೆದದ್ದನ್ನ ಹಿಡಿದು ವಾದ ಮಾಡಬಹುದು. ಆದರೆ ಸಂಜೆ ಏಳು ಗಂಟೆಗೆ ಠಾಣೆಯ ಬಾಗಿಲಲ್ಲಿ ನಿಂತು 1978ರ ತೀರ್ಪು ಹೇಳೋಕೆ ಎಷ್ಟು ಜನಕ್ಕೆ ಧೈರ್ಯ ಇದೆ?

ವಕೀಲರಿಗೆ ಧೈರ್ಯ ಇರಬೇಕಪ್ಪಾ ಅಂತೀರಿ. ಇಲ್ಲಿ ಇನ್ನೊಂದು ಕಹಿ ಅಧ್ಯಾಯ ಇದೆ. ಜೈ ಭೀಮ್ ಸಿನಿಮಾ ನೋಡಿದ್ದೀರಲ್ಲ. 1993ರ ಲಾಕಪ್ ಸಾವೊಂದರ ಬೆನ್ನು ಹತ್ತಿದ ಆ ಚಂದ್ರು ನಿಜಜೀವನದಲ್ಲಿ ಮುಂದೆ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿಯಾದರು. 2009ರ ಫೆಬ್ರುವರಿ 17ರಂದು ನ್ಯಾಯಮೂರ್ತಿ ಪಿ. ಕೆ. ಮಿಶ್ರಾ ಮತ್ತು ಇದೇ ಚಂದ್ರು ಅವರ ಪೀಠದ ಮುಂದೆ ಚಿದಂಬರಂ ದೇವಸ್ಥಾನದ ಪ್ರಕರಣ ನಡೀತಿದ್ದಾಗ, ಕೋರ್ಟ್ ಹಾಲಿನ ಒಳಗೇ ಸುಬ್ರಮಣಿಯನ್ ಸ್ವಾಮಿಯವರ ಮೇಲೆ ವಕೀಲರ ಗುಂಪೊಂದು ಮೊಟ್ಟೆ ಎಸೆಯಿತು. ಎರಡು ದಿನದ ಮೇಲೆ, 19ರಂದು, ಆ ವಕೀಲರನ್ನ ಹಿಡಿಯೋ ವಿಷಯದಲ್ಲಿ ಹೈಕೋರ್ಟ್ ಆವರಣದಲ್ಲೇ ಯುದ್ಧವಾಯಿತು. ಕಲ್ಲು, ಲಾಠಿ. ಆವರಣದಲ್ಲಿದ್ದ ಪೊಲೀಸ್ ಠಾಣೆಗೆ ಬೆಂಕಿ ಬಿತ್ತು. ಪೊಲೀಸರು ಎದುರಿಗೆ ಸಿಕ್ಕವರ ಮೇಲೆಲ್ಲ ಲಾಠಿ ಬೀಸಿದರು. ಗಾಯಗೊಂಡವರಲ್ಲಿ ಒಬ್ಬ ಹೈಕೋರ್ಟ್ ನ್ಯಾಯಮೂರ್ತಿಯೂ ಇದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿ ವಕೀಲರನ್ನ ಕಟುವಾಗಿ ಟೀಕಿಸಿತು, ಪೊಲೀಸರು ಮಿತಿಮೀರಿದ್ದನ್ನೂ ಹೇಳಿತು.

ಬೆಂಗಳೂರಿನವರು ನಗಬೇಡಿ. 2012ರ ಜನವರಿಯಲ್ಲಿ ಮೈಸೂರ್ ಬ್ಯಾಂಕ್ ಸರ್ಕಲ್ ಹತ್ತಿರ ವಕೀಲರು ರಸ್ತೆ ತಡೆದು ಊರೇ ಗಂಟೆಗಟ್ಟಲೆ ನಿಂತಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಾರ್ಚ್ 2ರಂದು ಜನಾರ್ದನ ರೆಡ್ಡಿಯವರನ್ನ ಸಿಟಿ ಸಿವಿಲ್ ಕೋರ್ಟಿಗೆ ಕರೆತಂದ ದಿನ ವಕೀಲರು, ಮಾಧ್ಯಮದವರು, ಪೊಲೀಸರು ಮೂರೂ ಕಡೆ ರಕ್ತ ಹರಿಯಿತು.

ಎರಡೂ ಊರಲ್ಲಿ ಯಾರು ಮೊದಲು ಕಲ್ಲೆತ್ತಿದರು ಅನ್ನೋದರ ಮೇಲೆ ಇವತ್ತಿಗೂ ಜಗಳ ನಡೆಯುತ್ತೆ. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಇದು: ಇಂಥದ್ದೊಂದು ಆದಮೇಲೆ ಕಪ್ಪು ಕೋಟು ಕಂಡರೆ ಠಾಣೆಯವರಿಗೆ ಶತ್ರು ಬಂದ ಹಾಗೆ, ಖಾಕಿ ಕಂಡರೆ ಇವರಿಗೂ ಹಾಗೇ. ಚೆನ್ನೈನಲ್ಲಿ ವಾರಗಟ್ಟಲೆ ಕೋರ್ಟ್ ಬಹಿಷ್ಕಾರ ನಡೆಯಿತು. ಆಗ ಜಾಮೀನಿಗೆ ಕಾಯ್ತಾ ಒಳಗಿದ್ದವರ ಲೆಕ್ಕ ಯಾರ ವರದಿಯಲ್ಲೂ ತಲೆಬರಹ ಆಗಲಿಲ್ಲ. ಗುಂಪಾಗಿ ಬಂದು ಠಾಣೆ ಸುಡುವ ವಕೀಲಿಕೆ ಬೇರೆ, ಒಬ್ಬನ ಪಕ್ಕ ಒಬ್ಬರಾಗಿ ಕೂರುವ ವಕೀಲಿಕೆ ಬೇರೆ. ಮೊದಲನೆಯದನ್ನ ತೋರಿಸಿ ಎರಡನೆಯದಕ್ಕೆ ಬಾಗಿಲು ಹಾಕೋದು ಸುಲಭವಾಯಿತು.

ಒಂದು ಒಳ್ಳೆ ಸುದ್ದಿ ಇದೆ, ನಮ್ಮಂಥ ಹೊರರಾಜ್ಯದವರಿಗೆ. 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನದ ಕಾರಣವನ್ನ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಬಂಧನವೇ ಕಾನೂನುಬಾಹಿರ ಅಂತ ಹೇಳಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಭಯ್ ಓಕಾ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ನಮ್ಮವರಿಗೆ ಚೆನ್ನಾಗಿ ಗೊತ್ತು. ಅಂದರೆ ಚೆನ್ನೈನಲ್ಲಿ ಬಂಧಿತನಾದ ಕನ್ನಡಿಗ, ನನಗೆ ಅರ್ಥವಾಗೋ ಭಾಷೆಯಲ್ಲಿ ಹೇಳಿ ಅನ್ನಬಹುದು. ವಕೀಲರ ಫೀಸಿಗೆ ದಾರಿ ಇಲ್ಲದವರಿಗೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ, ಖರ್ಚೇನಿಲ್ಲ.

ಕೊನೆಯದಾಗಿ ಸಾತ್ತಾನ್‌ಕುಳಂ. ತೂತ್ತುಕುಡಿ ಜಿಲ್ಲೆಯ ಊರು. ಲಾಕ್‌ಡೌನ್ ಕಾಲ. 2020ರ ಜೂನ್ 19ರಂದು, ಮೊಬೈಲ್ ಅಂಗಡಿ ಹೊತ್ತು ಮೀರಿ ತೆರೆದಿತ್ತು ಅನ್ನೋ ವಿಷಯಕ್ಕೆ ಶುರುವಾಗಿ, ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್ ಪೊಲೀಸ್ ಠಾಣೆ ಸೇರಿದರು. 22ರ ರಾತ್ರಿ ಮಗ ತೀರಿಕೊಂಡ. 23ರ ಬೆಳಗ್ಗೆ ಅಪ್ಪ. ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ತಾನೇ ಪ್ರಕರಣ ಕೈಗೆತ್ತಿಕೊಂಡು ಒಬ್ಬ ಮ್ಯಾಜಿಸ್ಟ್ರೇಟರನ್ನ ವಿಚಾರಣೆಗೆ ಕಳಿಸಿತು. ಠಾಣೆಯಲ್ಲಿ ಪೊಲೀಸರು ತಮಗೆ ಸಹಕರಿಸಲಿಲ್ಲ, ಅವಮಾನ ಮಾಡಿದರು ಅಂತ ಮ್ಯಾಜಿಸ್ಟ್ರೇಟರೇ ಹೈಕೋರ್ಟಿಗೆ ಬರೆದರು. ಆ ರಾತ್ರಿ ಏನಾಯ್ತು ಅಂತ ಸಾಕ್ಷಿ ಹೇಳೋಕೆ ಮುಂದೆ ಬಂದವರು ಅದೇ ಠಾಣೆಯ ಹೆಡ್ ಕಾನ್‌ಸ್ಟೇಬಲ್ ರೇವತಿ. ಒಳಗೆ ವಕೀಲರಿರಲಿಲ್ಲ, ಇದ್ದದ್ದು ಆ ಹೆಣ್ಣುಮಗಳು.

ಸಾಕ್ಷ್ಯ ನಾಶವಾಗಬಾರದು ಅಂತ ಜೂನ್ ಕೊನೆಯಲ್ಲಿ ಹೈಕೋರ್ಟ್ ಒಂದು ಆದೇಶ ಮಾಡಿತು. ಸ್ವತಂತ್ರ ಭಾರತದಲ್ಲಿ ಅಂಥದ್ದನ್ನ ನಾನಂತೂ ಬೇರೆಲ್ಲೂ ಓದಿಲ್ಲ. ಸಾತ್ತಾನ್‌ಕುಳಂ ಪೊಲೀಸ್ ಠಾಣೆಯನ್ನ ಪೊಲೀಸರ ಕೈಯಿಂದ ತೆಗೆದು ಜಿಲ್ಲಾ ಕಲೆಕ್ಟರ್ ಮೂಲಕ ಕಂದಾಯ ಇಲಾಖೆಗೆ ಒಪ್ಪಿಸಬೇಕು. ಕಂದಾಯ ಅಧಿಕಾರಿಗಳು ಬಂದು ಠಾಣೆಯನ್ನ ವಶಕ್ಕೆ ತಗೊಂಡರು. ಯಾವ ಕಂದಾಯದವರ ಕೈಯಿಂದ ಪೊಲೀಸನ್ನ ಬಿಡಿಸಬೇಕು ಅಂತ 1855ರಲ್ಲಿ ಇದೇ ಮದ್ರಾಸಿನಲ್ಲಿ ವರದಿ ಬರೆದರೋ, 165 ವರ್ಷದ ಮೇಲೆ ಅದೇ ಇಲಾಖೆಯವರನ್ನ ಠಾಣೆ ಕಾಯೋಕೆ ಕೂರಿಸಿದರು.